ಉರಗೋಪಚಾರ

ಅತಿಥಿಯು ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಅವನ ಬೆರಳ ಸಂದಿಯಿಂದಲೇ ಒಂದು ಸೌಟು ಪಾಯಸವನ್ನು ಇಳಿಬಿಡುವುದು ಸೌಜನ್ಯದ ಪರಾಕಾಷ್ಠೆಯೆಂದು ನಂಬಿದ ಮನೆತನದಲ್ಲಿ ಬೆಳೆದ ನನಗಾಗಲಿ, ಆ ಸೌಟನ್ನು ಬಹುಕಾಲದಿಂದ ನಿರ್ವಂಚನೆಯಿಂದ ಆಡಿಸಿಕೊಂಡು ಬಂದಿರುವ ನನ್ನ ಮನೆಯಾಕೆಗಾಗಲಿ, ವಾರಕ್ಕೊಮ್ಮೆ ಮಾತ್ರ, ಅದೂ ತೂಗಿ ಬಡಿಸಿದ್ದನ್ನು ಮಾತ್ರ ಉಣ್ಣತಕ್ಕ ಪ್ರಾಣಿಯೊಂದು ನಮ್ಮ ಬಂಧುವರ್ಗದಲ್ಲಿಯೇ ಸೇರಿಕೊಂಡಿದೆಯೆಂಬ ಸಂಗತಿ ಅಮೆರಿಕದ ಒಹಾಯೋ ಸಂಸ್ಥಾನದಲ್ಲಿರುವ ಮಗಳ ಮನೆಯನ್ನು ಮುಟ್ಟುವವರೆಗೂ ತಿಳಿದಿರಲಿಲ್ಲ.

ಮೊಮ್ಮಗಳು ಸಾಕಿದ್ದು ಕಾರ್ನ್ ಸ್ನೇಕ್ ಜಾತಿಯ ಎಳೆಯ ಹಾವು. ಆ ದೇಶದ ಆಗ್ನೇಯ ಭಾಗ ಅದರ ತವರು, ವಿಷವಿಲ್ಲ, ಕಿತ್ತಳೆ ಮೈಮೇಲೆ ಕಪ್ಪಂಚಿನ ಕೆಂಪು ಮಚ್ಚೆ. ಒಂದೂವರೆ ಅಡಿ ಮೀರದ, ಇಪ್ಪತ್ತು ಗ್ರಾಂ ತೂಗುವ ಈ ವ್ಯಕ್ತಿಗೆ ಅವಳಿಟ್ಟ ಹೆಸರು ವಾಸುಕಿ. ನಮ್ಮಲ್ಲಿ ನಾಗರವನ್ನೋ ಕೇರೆಯನ್ನೋ ಹೀಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಾಗಿಲು ತಟ್ಟುತ್ತದೆ. ಅಲ್ಲಿ ಅದು ಪೇಟೆಯಲ್ಲಿ ಕೊಳ್ಳಬಹುದಾದ ಪದಾರ್ಥ.

ವಾಸುಕಿಯ ಆಹಾರ ಇಲಿ. ಆದರೆ ಇಲಿಯೆಂದರೆ ಯಾವ ಇಲಿ? ಆಗತಾನೆ ಹುಟ್ಟಿದ, ಕೂದಲಿಲ್ಲದ ಗುಲಾಬಿ ಬಣ್ಣದ್ದು ಪಿಂಕಿ; ನವಿರು ಮೂಡಿದ್ದು ಫಜ್ಜಿ; ಕಣ್ಣು ತೆರೆದು ಕುಪ್ಪಳಿಸುವ ಪ್ರಾಯದ್ದು ಹಾಪರ್; ಹೀಗೆ ಬಾಲ್ಯ ಕೌಮಾರಗಳ ಸಕಲಾವಸ್ಥೆಗಳಲ್ಲಿಯೂ ಕೊಂದು ಹಿಮಗಟ್ಟಿಸಿದ ಇಲಿಗಳು ಪೊಟ್ಟಣಗಳಲ್ಲಿ ಮಾರಾಟಕ್ಕೆ ದೊರೆಯುತ್ತವೆ. ಸತ್ತದ್ದೇ ಏಕೆಂದರೆ, ಜೀವಂತ ಇಲಿ ತಿರುಗಿ ಬಿದ್ದು ಹಾವನ್ನೇ ಕಚ್ಚೀತು. ಇಡ್ಲಿಹಿಟ್ಟು, ತೆಂಗಿನತುರಿಗಳ ನೆರೆಯಲ್ಲಿ ಈ ಶವಗಳಿರಕೂಡದೆಂದು ಮನೆಯಾಕೆ ಮಡಿಯ ಪಕ್ಷವನ್ನು ವಾದಿಸಿದ ಫಲವಾಗಿ ಕಾರು ನಿಲ್ಲಿಸುವ ಕೊಠಡಿಯಲ್ಲಿ ಪ್ರತ್ಯೇಕವಾದ ಪುಟ್ಟ ಶೀತಲ ಪೆಟ್ಟಿಗೆಯೊಂದು ಸ್ಥಾಪಿತವಾಯಿತು.

ಬಡಿಸುವ ದಿನ ಮೊಮ್ಮಗಳು ಪಂಚಾಂಗ ಬಿಚ್ಚಿದ ಜೋಯಿಸರಂತೆ ತನ್ನ ಪುಸ್ತಕವನ್ನು ಮುಂದಿಟ್ಟುಕೊಳ್ಳುತ್ತಿದ್ದಳು. ಇಲಿಯ ದಪ್ಪ ಹಾವಿನ ನಡುವಿನ ದಪ್ಪದಷ್ಟು, ಹೆಚ್ಚೆಂದರೆ ಅದರ ಒಂದೂವರೆಯಷ್ಟು. ತೂಕ ಹಾವಿನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು. ಎಂದರೆ ಇಪ್ಪತ್ತು ಗ್ರಾಮಿನ ವಾಸುಕಿಗೆ ಎರಡು ಮೂರು ಗ್ರಾಮಿನ ಪಿಂಕಿಯೊಂದು, ಐದರಿಂದ ಏಳು ದಿನಕ್ಕೊಮ್ಮೆ.

ಮೊದಮೊದಲು ಬಾಗಿಲ ಮರೆಯಲ್ಲಿ ನಿಂತು ರಾಮನಾಮ ಜಪಿಸುತ್ತಿದ್ದ ಮನೆಯಾಕೆಯ ಜುಗುಪ್ಸೆ ಕೆಲವು ವಾರಗಳಲ್ಲಿ ಆತಂಕವಾಗಿ, ಆತಂಕ ಉಪಚಾರವಾಗಿ ಪರಿಣಮಿಸಿತು.

“ಬೆಳೆಯೋ ಮಗು ಕಣೇ ಅದು. ಒಂದೇ ಒಂದು ಕೊಟ್ಟು ಮಲಗಿಸ್ತೀಯಲ್ಲ, ಇನ್ನೊಂದು ಹಾಕಬಾರದೇನೆ?”

“ಹಾಕಿದ್ರೆ ಬೇಡ ಅನ್ನಲ್ಲ ಅಜ್ಜಿ. ಆಮೇಲೆ ಎರಡನ್ನೂ ಕಕ್ಕಿಬಿಡುತ್ತೆ.”

ಈ ಉತ್ತರದಲ್ಲಿ ಶಾಸ್ತ್ರವಿತ್ತು. ಹಾವಿನ ಕೆಳದವಡೆಯ ಎರಡು ಅರ್ಧಗಳು ಮುಂಭಾಗದಲ್ಲಿ ಬೆಸೆದುಕೊಳ್ಳದೆ ಹಿಗ್ಗುವ ನಾರಿನಿಂದ ಕೂಡಿರುವುದರಿಂದ ತನ್ನ ತಲೆಗಿಂತ ದೊಡ್ಡ ತುತ್ತನ್ನೂ ಅದು ನುಂಗಬಲ್ಲುದು. ಆದರೆ ಬಾಯಿ ಹಿಗ್ಗಿತೆಂದು ಹೊಟ್ಟೆ ಒಪ್ಪೀತೆ? ಅಳತೆ ಮೀರಿದರೆ, ಕಾವು ಸಾಲದೆ ಹೋದರೆ, ಉಂಡ ಎರಡು ದಿನಗಳೊಳಗೆ ಮುದ್ದಿಗೆಂದು ಎತ್ತಿಕೊಂಡರೆ, ಇಲಿ ಬಂದ ದಾರಿಯಲ್ಲಿಯೇ ಹಿಂತಿರುಗುವ ಸಂಭವವುಂಟು. ಆಮೇಲೆ ಹತ್ತು ಹದಿನೈದು ದಿನ ಲಂಘನವೇ ಪಥ್ಯ. ಜೀರ್ಣಕ್ರಿಯೆಗೆ ಮೂವತ್ತು ಡಿಗ್ರಿಯಷ್ಟು ಬೆಚ್ಚಗಿನ ಮೂಲೆ ಬೇಕಾದುದರಿಂದ ಒಹಾಯೋದ ಹಿಮಪಾತದಲ್ಲಿ ನಾನು ಶಾಲು ಹೊದ್ದು ನಡುಗುತ್ತಿರುವಾಗ ವಾಸುಕಿಯ ಹಾಸಿಗೆಯ ಕೆಳಗೆ ವಿದ್ಯುತ್ತಿನ ಕಾವು ಅಹೋರಾತ್ರಿ ಉರಿಯುತ್ತಿತ್ತು. ಮೈಯನ್ನು ಬಿಸಿಯಾಗಿಡಲು ಅನ್ನವನ್ನು ವ್ಯಯಿಸಬೇಕಾಗಿಲ್ಲದ ಈ ಶೀತರಕ್ತದ ಜೀವಿಗೆ ಬೆಳೆದಂತೆಲ್ಲ ತುತ್ತು ದೊಡ್ಡದಾಗುತ್ತದೆ, ಊಟದ ದಿನ ದೂರವಾಗುತ್ತದೆ. ಪ್ರಾಯಕ್ಕೆ ಬಂದ ಮೇಲೆ ಹತ್ತು ಹದಿನಾಲ್ಕು ದಿನಕ್ಕೊಂದೇ ಭೋಜನ. ಏಕಾದಶಿಯಂದು ಅವಲಕ್ಕಿ, ಬಾಳೆಹಣ್ಣು, ಕಾಯಿಸಿದ ಹಾಲುಗಳಿಂದ ಉಪವಾಸವನ್ನು ಆಚರಿಸುವ ನಮ್ಮಂಥವರು ಇದರೆದುರು ವ್ರತದ ಮಾತೆತ್ತದಿರುವುದು ಲೇಸು.

ಒಂದು ವಾರ ವಾಸುಕಿ ಇಲಿಯನ್ನು ಮೂಸಿಯೂ ನೋಡಲಿಲ್ಲ. ಕಣ್ಣು ನೀಲಿಯಾಗಿ ಮಂಜು ಮುಸುಕಿತ್ತು. ಮನೆಯಾಕೆ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹುಡುಕತೊಡಗಿದಳು. ಮೊಮ್ಮಗಳು ಪುಸ್ತಕದಲ್ಲಿ ಪೊರೆ ಕಳಚುವ ಕಾಲವೆಂದು ಬರೆದು ನಿದ್ದೆ ಹೋದಳು. ನಾಗರಪಂಚಮಿಯಂದು ಹಾಲಿನ ಪ್ರಸ್ತಾಪ ಬಂತು. ಹಾವಿಗೆ ಹಾಲು ಆಹಾರವಲ್ಲ, ಶುದ್ಧವಾದ ನೀರಿನ ಬಟ್ಟಲೊಂದು ಸದಾ ಇದ್ದರೆ ಸಾಕೆಂದು ಹುಡುಗಿ ನಿಷ್ಠುರವಾಗಿ ನುಡಿದುದರಿಂದ, ಗೋಡೆಯ ಮೇಲಿನ ಶೇಷಶಾಯಿಯ ಪಟಕ್ಕೆ ನೈವೇದ್ಯವಾದ ಹಾಲನ್ನು ನಾನೇ ಕುಡಿದೆ.

ಇಂಥ ಸಾಕಿದ ಹಾವು ಹದಿನೈದು ಇಪ್ಪತ್ತು ವರ್ಷ ಬಾಳಬಲ್ಲದು. ಹುಡುಗಿ ಇನ್ನು ಆರೇಳು ವರ್ಷಗಳಲ್ಲಿ ಕಾಲೇಜು ಸೇರಿ ಪರಸ್ಥಳಕ್ಕೆ ಹೋಗತಕ್ಕವಳು. ಆಮೇಲೆ ಇಲಿಯ ಹಿಮವನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ ಅದನ್ನು ಚಿಮಟದಿಂದ ಹಿಡಿಯುವವರಾರೆಂದು ಅಳಿಯಂದಿರನ್ನು ಕೇಳಿದಾಗ ಅವರು ಕಿಟಕಿಯಾಚೆಗೆ ಬಹಳ ಆಸಕ್ತಿಯಿಂದ ನೋಡಿದರು. ಪರದೇಶದಲ್ಲಿರುವ ತಮ್ಮ ಮೊಮ್ಮಕ್ಕಳು ಹಾವು ಬೇಕೆಂದು ಹಟ ಹಿಡಿದಿದ್ದರೆ, ವಾಚಕ ಮಹಾಶಯರು ಮೊದಲು ಈ ಪ್ರಶ್ನೆಗೆ ಮನೆಯ ಹಿರಿಯರಿಂದ ಉತ್ತರ ಪಡೆದು, ಅನಂತರ ಹಾವನ್ನು ಕೊಡಿಸಬೇಕಾಗಿ ಪ್ರಾರ್ಥನೆ.