ಹಿಮ್ಮಡದ ನರ: ಬಳಕೆದಾರರ ಕೈಪಿಡಿ

ಮುನಿರಾಬಾದ್, ಹುಲಿಗಿ ಮತ್ತು ಸುತ್ತಲಿನ ಊರುಗಳ ಎರಡು ಕಾಲಿನ ಗ್ರಾಹಕರೇ, ನಡೆಯುವ ಮುನ್ನ ಇದನ್ನು ಪೂರ್ತಿ ಓದಿ. ಓದದೆಯೇ ಇಷ್ಟು ವರ್ಷ ನಡೆದಿದ್ದೀರಿ ಎಂಬುದು ನಮಗೆ ಗೊತ್ತು.

ಉಪಕರಣದ ಪರಿಚಯ: ಹಿಮ್ಮಡದ ಹಿಂದೆ ಬೆರಳಿಗೆ ಸಿಗುವ ಗಟ್ಟಿ ಹುರಿಯೇ ಅಕಿಲಿಸ್ ಸ್ನಾಯುರಜ್ಜು. ಉದ್ದ ಸುಮಾರು 15 ಸೆಂ.ಮೀ.; ದೇಹದ ಹುರಿಗಳಲ್ಲೆಲ್ಲ ದಪ್ಪನೆಯದು. ಮೀನಖಂಡದ ಎಳೆತವನ್ನು ಹಿಮ್ಮಡದ ಎಲುಬಿಗೆ ಮುಟ್ಟಿಸುವುದು ಇದರ ಕೆಲಸ. ಬಿಡಿಭಾಗ ಹೊಸಪೇಟೆಯಲ್ಲೂ ಸಿಗುವುದಿಲ್ಲ.

ಹರಿದುಕೊಳ್ಳುವ ಕ್ರಮ: ಪರದೇಶದವರು ಇದಕ್ಕಾಗಿ ಬ್ಯಾಡ್ಮಿಂಟನ್ ಆಡುತ್ತಾರೆ. ನಮಗೆ ಅಷ್ಟು ಖರ್ಚಿಲ್ಲ, ಸಂಡಾಸದ ಬೇಸಿನ್ ಸಾಕು. ಒದ್ದೆ ಪಾದ ಜಾರಿ ಒಳಗಿಳಿದರೆ ಮುಂದಿನದನ್ನು ಒಡೆದ ಪಿಂಗಾಣಿಯ ಅಂಚು ನೋಡಿಕೊಳ್ಳುತ್ತದೆ. ನಗಬೇಡಿ, ಭಾರತದ ಎಲುಬು ವೈದ್ಯರು ಈ ಗಾಯದ ಬಗ್ಗೆ ಪ್ರಬಂಧಗಳನ್ನೇ ಬರೆದಿದ್ದಾರೆ. ಭತ್ತದ ಕೊಯ್ಲಿನಲ್ಲಿ ಕುಡುಗೋಲನ್ನೂ ಬಳಸಬಹುದು. ಆದರೆ ಅದು ಪಾದದ ಮೇಲೆ ಬಿದ್ದರೆ ಹೋಗುವುದು ಅಕಿಲಿಸ್ ಅಲ್ಲ, ಬೆರಳೆತ್ತುವ ಹುರಿಗಳು.

ಪರೀಕ್ಷೆ: ರಕ್ತ ನಿಲ್ಲುತ್ತಲೇ ಯಾರೋ ಒಬ್ಬರು, "ಪಾದ ಆಡಸ್ತಾನಲ್ಲ, ನರ ಬರೋಬ್ಬರಿ ಐತಿ. ಮ್ಯಾಲಿನ ತೊಗಲು ಹೊಲದ್ರ ಸಾಕು" ಎನ್ನುತ್ತಾರೆ. ಈ ಕೈಪಿಡಿ ಬರೆಯಬೇಕಾಗಿ ಬಂದದ್ದೇ ಅವರಿಂದ. ಅಕಿಲಿಸ್ ಪೂರ್ತಿ ಕಡಿದಿದ್ದರೂ ಪಕ್ಕದ ಸ್ನಾಯುಗಳು ಪಾದವನ್ನು ಅಷ್ಟಿಷ್ಟು ಬಗ್ಗಿಸುತ್ತವೆ. ಹಾಗಾಗಿ ಬೋರಲು ಮಲಗಿಸಿ, ಪಾದವನ್ನು ಮಂಚದಾಚೆ ಇಳಿಬಿಟ್ಟು, ಮೀನಖಂಡ ಹಿಂಡಿ ನೋಡಬೇಕು. ಪಾದ ಕೆಳಕ್ಕೆ ಬಾಗದಿದ್ದರೆ ಹುರಿ ಹರಿದಿದೆ. ಕೊಪ್ಪಳದ ದೊಡ್ಡಾಸ್ಪತ್ರೆಗೆ ಅವತ್ತೇ ಹೊರಡಿ. ತಿಂಗಳುಗಟ್ಟಲೆ ಬಿಟ್ಟರೆ ಮೇಲಿನ ತುದಿ ಇನ್ನೂ ಮೇಲಕ್ಕೆ ಸರಿದು, ಹೆಬ್ಬೆರಳು ಬಗ್ಗಿಸುವ ಹುರಿಯನ್ನು ಸಾಲ ತಂದು ಜೋಡಿಸಬೇಕಾದೀತು.

ದುರಸ್ತಿ: ಬೇಸಿನ್ನಿನ ಗಾಯವೆಂದರೆ ಹೊಲಸು ಸೇರಿದ ಗಾಯ. ಮೊದಲು ಚೆನ್ನಾಗಿ ತೊಳೆಯುತ್ತಾರೆ, ಧನುರ್ವಾಯು ತಡೆಯುವ ಸೂಜಿ ಚುಚ್ಚುತ್ತಾರೆ, ಆಮೇಲೆ ಎರಡು ತುದಿಗಳನ್ನು ಗಟ್ಟಿ ದಾರದಿಂದ ಹೆಣೆದು ಸೇರಿಸುತ್ತಾರೆ. ಪ್ಲಾಸ್ಟರನ್ನು ಪಾದದ ತುದಿ ಕೆಳಗಾಗುವಂತೆ ಏಕೆ ಹಾಕುತ್ತಾರೆಂಬುದನ್ನು ಮುನಿರಾಬಾದಿನವರಿಗೆ ವಿವರಿಸುವುದು ಸುಲಭ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನು ಕಳಚಿದಾಗ, ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರಲ್ಲ, ಇದೂ ಹಾಗೆಯೇ. ಮೀನಖಂಡ ಸಡಿಲಾಗದೆ ಹೊಲಿಗೆ ನಿಲ್ಲದು. ವಾರಗಳು ಕಳೆದಂತೆ ಪಾದವನ್ನು ಸ್ವಲ್ಪ ಸ್ವಲ್ಪವೇ ನೇರಕ್ಕೆ ತರುತ್ತಾರೆ.

ಉಳುಕಿಗೆ ಈ ಅಧ್ಯಾಯ ಅನ್ವಯಿಸದು. ಗದ್ದೆಯ ಬದುವಿನ ಮೇಲೆ ಕಾಲು ಒಳಕ್ಕೆ ಹೊರಳಿ ಹರಡಿನ ಹೊರಬದಿಯ ಅಸ್ಥಿರಜ್ಜು ಹರಿದರೂ ಬಹುಪಾಲು ಕತ್ತರಿಯಿಲ್ಲದೆ ವಾಸಿಯಾಗುತ್ತದೆ. ಪಟ್ಟಿ ಕಟ್ಟಿ, ಆಮೇಲೆ ಒಂಟಿಕಾಲಲ್ಲಿ ನಿಲ್ಲುವುದನ್ನು ಕಲಿಯಿರಿ. ತಿಂಗಳುಗಳ ವ್ಯಾಯಾಮದ ಮೇಲೂ ಕಾಲು ಪದೇ ಪದೇ ಹೊರಳುತ್ತಿದ್ದರೆ ಮಾತ್ರ, ಸ್ವೀಡನ್ನಿನ ಲೆನಾರ್ಟ್ ಬ್ರಾಸ್ಟ್ರಮ್ 1966ರಲ್ಲಿ ಪ್ರಕಟಿಸಿದ ಹೊಲಿಗೆಯ ಮಾತು ಬರುತ್ತದೆ.

ವಾರಂಟಿ ರದ್ದಾಗುವ ಸಂದರ್ಭಗಳು: ಪ್ಲಾಸ್ಟರ್ ಬಿಚ್ಚಿದ ದಿನವೇ ಎಣ್ಣೆ ಹಾಕಿ ತಿಕ್ಕಿಸುವುದು. "ಸ್ವಲ್ಪ ಜಗ್ಗಿದ್ರ ಸರಿಹೋಗ್ತೈತಿ" ಎನ್ನುವ ಮಾವನ ಕೈಗೆ ಪಾದ ಕೊಡುವುದು. ಡಾಕ್ಟರು ಹೇಳುವ ಮುನ್ನ ಕುಕ್ಕರುಗಾಲಲ್ಲಿ ಕೂರುವುದು. ಹಿಮ್ಮಡ ಊರಿ ಕುಕ್ಕರಿಸಿದರೆ ಹೊಸ ಹೊಲಿಗೆಯ ಮೇಲೆ ಪೂರ್ತಿ ಜಗ್ಗು ಬೀಳುತ್ತದೆ. ಎಂದರೆ, ಕಾಲು ಕುಯ್ದ ಬೇಸಿನ್ನನ್ನೇ ತಿಂಗಳುಗಳ ಕಾಲ ಬಹಿಷ್ಕರಿಸಿ, ನಡುವೆ ತೂತಿರುವ ಕುರ್ಚಿ ತರಿಸಬೇಕು. ಮನೆಯಲ್ಲಿ ಇದಕ್ಕೆ ಒಪ್ಪಿಸುವುದು ಶಸ್ತ್ರಚಿಕಿತ್ಸೆಗಿಂತ ಕಷ್ಟ.

ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ನಡೆದೇ ಬರುವೆನೆಂದು ಹರಕೆ ಹೊತ್ತವರಿಗೆ ವಿಶೇಷ ಸೂಚನೆ: ಮುನಿರಾಬಾದ್ ಸ್ಟೇಷನ್ನಿನಲ್ಲಿ ಇಳಿದು ಆಟೋ ಹತ್ತಿ. ತಾಯಿ ಕೇಳಿದರೆ ಪ್ಲಾಸ್ಟರ್ ತೋರಿಸಿ.