ಕುಕ್ಕರಹಳ್ಳಿ ವಿಹಾರ ಮೀಮಾಂಸೆ

ಸೂತ್ರ: ನಡೆಯಲು ಬರುವವನು ನಡೆದು ಬರುವುದಿಲ್ಲ.

ಭಾಷ್ಯ: ಮೈಸೂರಿನ ಕುಕ್ಕರಹಳ್ಳಿ ಕೆರೆಯ ಗೇಟಿನ ಮುಂದೆ ನಸುಕಿನಲ್ಲೇ ಸಾಲುಗಟ್ಟುವ ಕಾರು, ಸ್ಕೂಟರುಗಳು ಇದಕ್ಕೆ ಪ್ರತ್ಯಕ್ಷ ಪ್ರಮಾಣ. ಮನೆ ದೂರವಿದ್ದರೇನು ಮಾಡಬೇಕು ಎಂದು ಪೂರ್ವಪಕ್ಷಿ ಕೇಳಬಹುದು. ಕೇಳುವವನ ಮನೆ ಸರಸ್ವತಿಪುರಂನಲ್ಲಿದೆ, ಕೆರೆಗೆ ಕೂಗಳತೆ. ಆಕ್ಷೇಪ ಬಿದ್ದುಹೋಯಿತು.

ಸೂತ್ರ: ವಿಹಾರಿಗಳು ದ್ವಿವಿಧ, ಪ್ರದಕ್ಷಿಣರು ಮತ್ತು ಅಪ್ರದಕ್ಷಿಣರು.

ಭಾಷ್ಯ: ಎಲ್ಲರೂ ಬಲಕ್ಕೆ ಸುತ್ತುವಾಗ ಒಬ್ಬ ಎಡಕ್ಕೆ ಹೊರಟರೆ, ಸಮವೇಗದಲ್ಲಿ ನಡೆಯುವ ಪ್ರತಿಯೊಬ್ಬ ಮಿತ್ರನೂ ಅವನಿಗೆ ಒಂದು ಸುತ್ತಿನಲ್ಲಿ ಎರಡು ಸಲ ಎದುರಾಗುತ್ತಾನೆ. ಇದು ಗಣಿತ. ಎರಡು ಸಲವೂ 'ಕಾಫಿ ಆಯ್ತಾ ಸಾರ್' ಎನ್ನಬೇಕಾಗುವುದು ಕರ್ಮ. ಸಾಲಗಾರರು ಎಂದೂ ಅಪ್ರದಕ್ಷಿಣರಾಗುವುದಿಲ್ಲ ಎಂಬ ಅನುಮಾನ ಇದರಿಂದಲೇ ಸಿದ್ಧಿಸುತ್ತದೆ.

ಸೂತ್ರ: ಬಯಲಿಗೆ ಶತ್ರುವಿನಿಂದ ಭಯ ಅಲ್ಪ, ಪ್ರೇಮಿಯಿಂದ ಅಧಿಕ.

ಭಾಷ್ಯ: ಇಲ್ಲಿ ತುಸು ನಿಲ್ಲಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಈ ಕೆರೆ ತೋಡಿಸಿದ್ದು ನೀರಿಗಾಗಿ. ಈಗಿನ ಪ್ರೇಮಿ ಕೇಳುವುದು ದೀಪ, ಟೈಲ್ಸು, ಕಮಾನು, ಕಬ್ಬಿಣದ ಕಸರತ್ತಿನ ಯಂತ್ರ. ನೀರು ಅವನ ಪಟ್ಟಿಯಲ್ಲಿಲ್ಲ. ಅದು ಬರುತ್ತಿದ್ದ ದಾರಿಗಳ ಮೇಲೆ ಬಡಾವಣೆ ಎದ್ದು, ಮಳೆ ನೀರು ದಿಕ್ಕು ತಪ್ಪಿತು. ದಾರಿ ತಪ್ಪದೆ ಬಂದದ್ದು ಚರಂಡಿ ಮಾತ್ರ. ಅಂಥ ಬಡಾವಣೆಯ ನಿವೇಶನಕ್ಕೆ 'ಲೇಕ್ ವ್ಯೂ' ಎಂದು ಹೆಸರಿಡುವುದು ಶಿಷ್ಟಾಚಾರ. ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳಿಗೆ ಮೀನೂ ಕತ್ತಲೂ ಬೇಕು, ಆದರೆ ಅವು ಮನವಿಪತ್ರ ಬರೆಯುವುದಿಲ್ಲ. ಕುವೆಂಪು ಈ ಏರಿಯ ಮೇಲೆ ವರ್ಷಗಟ್ಟಲೆ ಅಡ್ಡಾಡಿದರು. ಕವನ ಬಂತು, ಟೈಲ್ಸ್ ಹಾಕಿಸಿ ಎಂಬ ಅರ್ಜಿ ಬಂದಂತೆ ಕಾಣೆ. (ಈ ಭಾಷ್ಯವನ್ನು ಸಿಮೆಂಟ್ ಬೆಂಚಿನ ಮೇಲೆ ಕೂತು ಬರೆದದ್ದು ಎಂಬ ಕುಹಕಕ್ಕೆ ಉತ್ತರ: ಬೆಂಚು ಮೊದಲೇ ಇತ್ತು.)

ರಾಜ್ಯದಲ್ಲಿ ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲೆಂದೇ 1985ರ ಕಾಯಿದೆಯೊಂದಿದೆ. ಶ್ರುತಿ ಇದೆ, ಸ್ಮೃತಿ ಇಲ್ಲ.

ಸೂತ್ರ: ಮೆಟ್ಟಿಲ ಸಂಖ್ಯೆ ಶ್ವಾಸಾಧೀನ.

ಭಾಷ್ಯ: ಕೆರೆ ಬಿಟ್ಟು ಬೆಟ್ಟದ ವಿಹಾರಕ್ಕೆ ಬಂದರೆ, ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಚಾಮುಂಡಿ ಬೆಟ್ಟಕ್ಕೆ ಕಟ್ಟಿಸಿದ ಮೆಟ್ಟಿಲುಗಳು ಒಂದು ಪಾಠದಲ್ಲಿ 1,000, ಇನ್ನೊಂದರಲ್ಲಿ 1,008, ಮತ್ತೊಂದರಲ್ಲಿ ಅದಕ್ಕೂ ಹೆಚ್ಚು. ಎಣಿಸುತ್ತ ಹತ್ತುವವರೆಲ್ಲ ನಂದಿಯ ಬಳಿ ಸುಸ್ತಾಗಿ ಕೂತು, ಎದ್ದಾಗ ಅಂದಾಜಿನಿಂದ ಮುಂದುವರಿಯುವುದೇ ಪಾಠಾಂತರಕ್ಕೆ ಕಾರಣ. ಹತ್ತದೆಯೇ ಹತ್ತಿಸುವ ರೋಪ್‌ವೇ ಪ್ರಸ್ತಾಪ ಆಗಾಗ ಎದ್ದು, ಊರವರ ವಿರೋಧಕ್ಕೆ ಕುಳಿತದ್ದುಂಟು. ಅದರ ಪೂರ್ವಪಕ್ಷ: ವಯಸ್ಸಾದವರಿಗೆ ಅನುಕೂಲ. ಉತ್ತರಪಕ್ಷ: ಬೆಟ್ಟಕ್ಕೆ ಬಸ್ಸಿದೆ. ಪುನಃ ಪೂರ್ವಪಕ್ಷ: ಬಸ್ಸಿಗಿಂತ ಬೇಗ ಮುಟ್ಟಬಹುದಲ್ಲ? ಮುಟ್ಟಬಹುದು. ಆಷಾಢ ಶುಕ್ರವಾರ ಹಾಗೆ ಬೇಗ ಮುಟ್ಟಿದವನು ಮೇಲೆ ಮಾಡುವುದೇನೆಂದರೆ, ಕ್ಯೂನಲ್ಲಿ ನಿಲ್ಲುವುದು.