ದಣಿವರಿಯದ ಸಾಹೇಬರು

ಹಾವೇರಿ ಜಿಲ್ಲೆಯ ಯಾವ ತಾಲ್ಲೂಕಿಗೆ ಹೋದರೂ ಒಂದಲ್ಲ ಒಂದು ಕಚೇರಿಯಲ್ಲಿ ಇವರು ಸಿಕ್ಕೇ ಸಿಗುತ್ತಾರೆ. ಯಾವ ಇಲಾಖೆ ಅಂತ ಕೇಳಬೇಡಿ. ಕೇಳಿದರೆ "ಅದು ನಮ್ಮ ಸೆಕ್ಷನ್‌ಗೆ ಬರೂದಿಲ್ರಿ" ಅನ್ನುತ್ತಾರೆ. ಹಾನಗಲ್ಲಿನಲ್ಲಿ ನೌಕರಿಗೆ ಸೇರಿ, ಶಿಗ್ಗಾವಿ, ಸವಣೂರು ದಾಟಿ, ಈಗ ಹಿರೇಕೆರೂರಿನಲ್ಲಿ ಪಿಂಚಣಿಯ ದಾರಿ ಕಾಯುತ್ತಿರುವ ಪ್ರಥಮ ದರ್ಜೆ ಸಹಾಯಕರು. ಕೆಲಸದಿಂದ ಬಳಲಿ ಬೆಂಡಾದವರನ್ನು ಈಗ ಎಲ್ಲೆಲ್ಲೂ ನೋಡುತ್ತೇವೆ. ಇವರ ಮುಖದಲ್ಲಿ ಮಾತ್ರ ಸೇರಿದ ದಿನದ ಕಳೆ ಹಾಗೇ ಇದೆ. ದಣಿದ ಮೇಲೆ ವಿಶ್ರಾಂತಿ ತಗೊಳ್ಳುವುದು ದಡ್ಡರ ಪದ್ಧತಿ. ಇವರು ಮುಂಗಡವಾಗಿಯೇ ತಗೊಳ್ಳುತ್ತಾರೆ.

ಹಾನಗಲ್ಲಿನಲ್ಲಿದ್ದಾಗ ಊಟ ಮುಗಿಸಿ ತಾರಕೇಶ್ವರ ಗುಡಿಯ ಮಂಟಪದಲ್ಲಿ ಅಂಗಾತ ಮಲಗಿ, ಛಾವಣಿಯ ಕಲ್ಲಿನ ಕಮಲದ ಎಸಳು ಎಣಿಸುತ್ತಿದ್ದರಂತೆ. ಎಣಿಕೆಯ ನಡುವೆಯೇ ನಿದ್ದೆ ಹತ್ತುತ್ತಿದ್ದುದರಿಂದ ಮರುದಿನ ಮತ್ತೆ ಒಂದರಿಂದ. ಶಿಗ್ಗಾವಿಯಲ್ಲಿ ಹೆದ್ದಾರಿ ಇವರ ಕೈಹಿಡಿಯಿತು. ಹುಬ್ಬಳ್ಳಿ ಬಸ್ಸು ಬೇಗ ಬಂದ ದಿನವೂ ಇವರು ತಡವಾಗಿಯೇ ಬಂದರು.

ಸವಣೂರಿನಲ್ಲಂತೂ ಎಲೆ-ಅಡಿಕೆಯ ವೈಭೋಗ. ಆ ಊರಿನ ಎಲೆಗೆ ಅವಸರ ಆಗುವುದಿಲ್ಲ. ತೊಡೆಗೆ ಒರೆಸಿ, ತೊಟ್ಟು ಮುರಿದು, ಹಿಂಬದಿಯ ನಾರನ್ನು ಉಗುರಿನಿಂದ ಎಳೆದು, ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ ದವಡೆಗೆ ಸೇರಿಸುವಷ್ಟರಲ್ಲಿ ಎದುರಿಗಿದ್ದ ರೈತ ನಾಲ್ಕು ಸಲ ಕಾಲು ಬದಲಿಸಿರುತ್ತಿದ್ದ. ಬಾಯಿ ತುಂಬ ರಸ ಇಟ್ಟುಕೊಂಡು ಉತ್ತರ ಕೊಡುವುದಾದರೂ ಹೇಗೆ? ಕೈಯಲ್ಲೇ "ನಾಳೆ".

ಹಿರೇಕೆರೂರಿಗೆ ಬಂದ ಮೇಲೆ ರಟ್ಟೀಹಳ್ಳಿ ಬೇರೆ ತಾಲ್ಲೂಕಾದದ್ದು ವರವಾಯಿತು. ಅರ್ಜಿ ಹಿಡಿದು ಬಂದವರಿಗೆಲ್ಲ ಒಂದೇ ಮಾತು: "ನಿಮ್ಮದು ಈಗ ಆ ಕಡೆ ಹೋಗೇತಿ, ಅಲ್ಲೇ ಕೇಳ್ರಿ." ಬಂದವರು ಹಿರೇಕೆರೂರು ಪೇಟೆಯವರೇ ಆದರೂ!

2019ರಲ್ಲಿ ಸರ್ಕಾರ ನಾಲ್ಕನೇ ಶನಿವಾರವೂ ರಜೆ ಕೊಟ್ಟು ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದಾಗ ಉಳಿದವರು ಸಿಎಲ್ ಹೋದವಲ್ಲ ಎಂದು ಗೊಣಗಿದರು. ಇವರು ಕ್ಯಾಲ್ಕುಲೇಟರ್ ತೆಗೆದು 12 ಶನಿವಾರದಲ್ಲಿ 5 ಕಳೆದು, "ಏಳು ಲಾಭ. ಹೋರಿ ಹಬ್ಬಕ್ಕ ಆತು" ಅಂದರು. ಆ ವರ್ಷ ಅವರ ಮೇಜಿನ ಮೇಲೆ ಅದೇ ದಿನ ಮುಗಿದ ಲೆಕ್ಕ ಅದೊಂದೇ.

ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಬಳಲಿಕೆಯನ್ನು ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿಯೂ, ಇದು ಉದ್ಯೋಗದಿಂದ ಬರುವ ಸ್ಥಿತಿಯೇ ಹೊರತು ಕಾಯಿಲೆಯಲ್ಲ ಎಂದಿತು. ಸಾಹೇಬರಿಗೆ ಬೇಸರವಾಯಿತು. "ಕಾಯಿಲೆ ಅಲ್ಲಂದ್ರ ಮೆಡಿಕಲ್ ಲೀವ್ ಹೆಂಗ ಸಿಗತೈತ್ರಿ? ಮತ್ತ ಅದನ್ನ ಪಟ್ಟಿಯಾಗ ಯಾಕ ಬರೀಬೇಕಾಗಿತ್ತು?"

ಪಕ್ಕದ ಮೇಜಿನಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಹುಡುಗಿ. ಗೋವಿನಜೋಳ ಮಳೆಗೆ ಸಿಕ್ಕ ವರ್ಷ ಪರಿಹಾರದ ಅರ್ಜಿಗಳು ಕಟ್ಟು ಕಟ್ಟಾಗಿ ಬಂದು ಬಿದ್ದಿವೆ. ಸರ್ವರ್ ಎಚ್ಚರಾಗುವುದು ಕಚೇರಿ ಮುಚ್ಚುವ ಹೊತ್ತಿಗೆ. ಆಕೆ ಒಂದು ಕೈಯಿಂದ ಕುತ್ತಿಗೆ ಒತ್ತಿಕೊಳ್ಳುತ್ತ ಇನ್ನೊಂದು ಕೈಯಿಂದ ಕೀಲಿ ಒತ್ತುತ್ತಿದ್ದುದನ್ನು ಕಂಡು ಸಾಹೇಬರಿಗೆ ಕರುಳು ಚುರ್ ಅಂತು.

"ಯವ್ವಾ, ಹಿಂಗ ಮೈಮುರದು ದುಡದ್ರ ಹೆಂಗ? ನಡುನಡುವ ಎದ್ದು ಅಡ್ಡಾಡಬೇಕು, ಚಹಾ ಕುಡೀಬೇಕು. ನನ್ನ ನೋಡು, ಇಷ್ಟು ವರ್ಷ ಸರ್ವಿಸ್ ಆತು, ಒಂದಿನಾರ ದಣದೇನೇನು?"

"ಇಲ್ರೀ ಸರ್," ಅಂದಳು ಆಕೆ, ಪರದೆಯಿಂದ ಕಣ್ಣು ತೆಗೆಯದೆ. "ಇದರಾಗ ಅರ್ಧ ನಿಮ್ಮ ಲಾಗಿನ್‌ದಾಗ ಮಾಡಾಕತ್ತೇನ್ರಿ. ಒಟಿಪಿ ಬಂದಿರಬೇಕು, ನೋಡಿ ಹೇಳ್ರಿ."